ಅಂಕಿತ ಮತ್ತು ಲಾಂಛನ: ಸಾವಿರ ಚಿತ್ರಗಳ ಮೇಲೊಂದು ಮುದ್ರೆ

(ಸಂಯುಕ್ತ ಅರಬ್ ಸಂಸ್ಥಾನದ ಕನ್ನಡಿಗರ ಸಾಹಿತ್ಯ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ಕಾರ್ಯಕ್ರಮ ಮುಗಿದ ರಾತ್ರಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ದುಬೈಯ ಯಾವುದೋ ಶಾಲೆಯ ಸಭಾಂಗಣ, ಇಲ್ಲವೇ ಅಬುಧಾಬಿಯ ಇಂಡಿಯಾ ಸೋಶಿಯಲ್ ಅಂಡ್ ಕಲ್ಚರಲ್ ಸೆಂಟರಿನ ವೇದಿಕೆ. ಮಕ್ಕಳ ನೃತ್ಯ, ಹಿರಿಯರ ಸನ್ಮಾನ, ಪ್ರಾಯೋಜಕರಿಗೆ ಶಾಲು ಹೊದಿಸಿದ್ದು ಎಲ್ಲವೂ ಮುಗಿದಿದೆ. ಕುರ್ಚಿಗಳನ್ನು ಎತ್ತಿಡುವ ಮುನ್ನವೇ ಸಂಘದ ವಾಟ್ಸಾಪ್ ಬಳಗದಲ್ಲಿ ಪ್ರಶ್ನೆ ಬಂದಿರುತ್ತದೆ: ಫೋಟೋಗಳು ಯಾವಾಗ ಬರುತ್ತವೆ? ಕ್ಯಾಮರಾ ಹಿಡಿದಿದ್ದವನು ಸಾಮಾನ್ಯವಾಗಿ ಸಂಘದ ಸದಸ್ಯನೇ. ಹಗಲು ಯಾವುದೋ ಕಂಪನಿಯಲ್ಲಿ ಲೆಕ್ಕ ಬರೆಯುತ್ತಾನೆ ಅಥವಾ ಸೈಟಿನಲ್ಲಿ ಮೇಲ್ವಿಚಾರಣೆ ಮಾಡುತ್ತಾನೆ. ಸಂಜೆ ಐದು ಗಂಟೆ ನಿಂತೇ ಇದ್ದು, ಊಟವನ್ನೂ ತಪ್ಪಿಸಿಕೊಂಡು ಎಂಟುನೂರು ಚಿತ್ರ ತೆಗೆದಿದ್ದಾನೆ. ಅವನಿಗೆ ಬರುವ ಸೂಚನೆ ಒಂದೇ: ನಾಳೆ ಬೆಳಗಿನೊಳಗೆ ಎಲ್ಲ ಚಿತ್ರಗಳಿಗೂ ಸಂಘದ ಲೋಗೋ ಮತ್ತು ಪ್ರಾಯೋಜಕರ ಲೋಗೋ ಹಾಕಿ ಕಳುಹಿಸಬೇಕು.

ಎಂಟುನೂರು ಚಿತ್ರಗಳಿಗೆ ಒಂದೊಂದಾಗಿ ಲಾಂಛನ ಅಂಟಿಸಬೇಕಾಗಿದ್ದ ಕಾಲದಲ್ಲಿ ಈ ಕೆಲಸಕ್ಕೆ ವಾರ ಹಿಡಿಯುತ್ತಿತ್ತು. ಈಗ ಕೆಲವು ನಿಮಿಷಗಳು ಸಾಕು. ಒಂದು ಚಿತ್ರಕ್ಕೆ ಹೇಳಿದ ನಿಯಮವನ್ನು ಯಂತ್ರವು ಉಳಿದೆಲ್ಲವಕ್ಕೂ ಅನ್ವಯಿಸಿಬಿಡುತ್ತದೆ. ಇದನ್ನೇ ಬ್ಯಾಚ್ ಎಡಿಟಿಂಗ್ ಎನ್ನುತ್ತಾರೆ. ಇಂದಿನ ಮಾತಿನ ವಿಷಯ ಈ ಸಣ್ಣ ಕೆಲಸವೇ. ಸಾಹಿತ್ಯದ ಸಭೆಯಲ್ಲಿ ಇದೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಯಾರ ಹೆಸರು ಎಲ್ಲಿ ನಿಲ್ಲಬೇಕು, ಯಾರ ಹೆಸರು ಅಳಿಯಬಾರದು ಎಂಬುದು ಸಾಹಿತ್ಯದ ಹಳೆಯ ಪ್ರಶ್ನೆ. ಈಗ ಅದು ಒಂದು ಗುಂಡಿಯನ್ನು ಒತ್ತುವುದರಲ್ಲಿ ತೀರ್ಮಾನವಾಗುತ್ತಿದೆ.

ಕನ್ನಡದಲ್ಲಿ ಇದಕ್ಕೆ ಎರಡು ಶಬ್ದಗಳಿವೆ: ಲಾಂಛನ ಮತ್ತು ಅಂಕಿತ. ಲಾಂಛನವು ಒಡೆತನದ ಗುರುತು. ಚಾಲುಕ್ಯರಿಗೆ ವರಾಹ, ಹೊಯ್ಸಳರಿಗೆ ಸಿಂಹದೊಡನೆ ಸೆಣಸುವ ಸಳ. ಅಂಕಿತವು ರಚಿಸಿದವರ ಗುರುತು. ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರು. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ. ದೋಣಿ ನಡೆಸುತ್ತಿದ್ದ ಚೌಡಯ್ಯನವರು ತಮ್ಮ ಹೆಸರನ್ನೂ ಕಾಯಕವನ್ನೂ ಸೇರಿಸಿ ಅಂಬಿಗರ ಚೌಡಯ್ಯ ಎಂಬುದನ್ನೇ ಅಂಕಿತವಾಗಿಸಿಕೊಂಡರು. ಹನ್ನೆರಡನೆಯ ಶತಮಾನದಲ್ಲಿ ದುಡಿಯುವವನೊಬ್ಬ ತನ್ನ ಮಾತಿನ ಕೆಳಗೆ ತನ್ನ ಹೆಸರನ್ನೇ ಇಟ್ಟದ್ದು ಸಾಮಾನ್ಯ ಸಂಗತಿಯಲ್ಲ.

ಹೊಯ್ಸಳ ಶಿಲ್ಪಗಳಲ್ಲಿ ಈ ಎರಡೂ ಗುರುತುಗಳು ಒಟ್ಟಿಗೆ ಕಾಣಿಸುತ್ತವೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣರ ಹೆಸರುಗಳಿವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಈ ದೇಗುಲಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಟ್ಟಿಸಿದ ಅರಸರ, ದಂಡನಾಯಕರ ಹೆಸರುಗಳೊಂದಿಗೆ ಕಡೆದ ಕೈಗಳ ಹೆಸರೂ ಉಳಿದದ್ದು ಆ ಸಣ್ಣ ಅಕ್ಷರಗಳಿಂದ. ಆ ಅಕ್ಷರಗಳು ಎಲ್ಲಿವೆ ಎಂಬುದನ್ನು ಗಮನಿಸಿ. ಮೂರ್ತಿಯ ಮುಖದ ಮೇಲಲ್ಲ, ಎದೆಯ ಮೇಲಲ್ಲ; ಕೆಳಗೆ, ಪೀಠದ ಮೇಲೆ. ನೋಡುವವನು ಮೊದಲು ಮೂರ್ತಿಯನ್ನು ನೋಡುತ್ತಾನೆ. ಮಾಡಿದವರಾರು ಎಂದು ಅರಸಿದಾಗ ಹೆಸರು ಸಿಗುತ್ತದೆ.

ಕಾಗದದ ಚರಿತ್ರೆಯಲ್ಲೂ ಇದೇ ವಿವೇಕವಿತ್ತು. ಇಟಲಿಯ ಫಾಬ್ರಿಯಾನೊದ ಕಾಗದ ತಯಾರಕರು 1282ರ ಸುಮಾರಿಗೆ ಹಾಳೆಯೊಳಗೇ ಗುರುತು ಮೂಡಿಸುವ ವಿದ್ಯೆಯನ್ನು ಬಳಕೆಗೆ ತಂದರು. ಬೆಳಕಿಗೆ ಹಿಡಿದರೆ ಕಾಣುವ, ಬರೆಯುವಾಗ ಅಡ್ಡಬಾರದ ಗುರುತು ಅದು. ವಾಟರ್‌ಮಾರ್ಕ್ ಎಂಬ ಹೆಸರು ಅಲ್ಲಿಂದ ಬಂದದ್ದು. ಇಂದು ಚಿತ್ರದ ನಡುವೆ ಅಡ್ಡಲಾಗಿ ಹೊಡೆಯುವ ದಪ್ಪ ಮುದ್ರೆಗೂ ಅದೇ ಹೆಸರಿದೆ. ಅಡ್ಡಬಾರದಿರುವ ಆ ಗುಣ ಮಾತ್ರ ಉಳಿದಿಲ್ಲ.

ಈ ನಾಡಿನದೇ ಒಂದು ಉದಾಹರಣೆ. ಛಾಯಾಚಿತ್ರಗ್ರಾಹಕ ರಮೇಶ್ ಶುಕ್ಲಾ 1965ರಲ್ಲಿ ಮುಂಬಯಿಯಿಂದ ಈ ತೀರಕ್ಕೆ ಬಂದವರು. 1971ರ ಡಿಸೆಂಬರ್ 2ರಂದು ದುಬೈಯ ಯೂನಿಯನ್ ಹೌಸ್ ಎದುರು ಹೊಸ ಒಕ್ಕೂಟದ ಬಾವುಟದ ಕೆಳಗೆ ಆಡಳಿತಗಾರರು ನಿಂತ ಕ್ಷಣವನ್ನು ಅವರು ಸೆರೆಹಿಡಿದರು. ಸಂಸ್ಥಾನದ 40ನೆಯ ರಾಷ್ಟ್ರೀಯ ದಿನದ ಸಂದರ್ಭದಲ್ಲಿ 'ಒಕ್ಕೂಟದ ಚೇತನ' ಎಂಬ ಆಶಯದ ಲಾಂಛನ ರೂಪುಗೊಂಡದ್ದು ಆ ಚಿತ್ರದಿಂದಲೇ. ಕಾರಿನ ಗಾಜುಗಳ ಮೇಲೆ, ಕಟ್ಟಡಗಳ ಮೇಲೆ, ಶಾಲಾ ಮಕ್ಕಳ ಅಂಗಿಗಳ ಮೇಲೆ ಅದನ್ನು ಎಲ್ಲರೂ ಕಂಡಿದ್ದಾರೆ. ಇಲ್ಲಿ ಚಿತ್ರದ ಮೇಲೆ ಲಾಂಛನ ಬೀಳಲಿಲ್ಲ, ಚಿತ್ರವೇ ಲಾಂಛನವಾಯಿತು. ಹಾಗಾಗಲು ಸಾಧ್ಯವಾದದ್ದು ನಲವತ್ತು ವರ್ಷದ ಬಳಿಕವೂ ಆ ಚಿತ್ರದ ಮೂಲ ಸ್ವಚ್ಛವಾಗಿ, ಜೋಪಾನವಾಗಿ ಉಳಿದಿದ್ದರಿಂದ. ಆ ಸಮಾರಂಭದ ಚಿತ್ರಗಳ ಮೇಲೆಲ್ಲ ಅಂದಿನ ಯಾವುದೋ ಅಂಗಡಿಯ ಮುದ್ರೆಯನ್ನು ಒತ್ತಿ, ಮೂಲವನ್ನು ಎಸೆದಿದ್ದರೆ ಏನಾಗುತ್ತಿತ್ತೆಂದು ಊಹಿಸಿ. ತನ್ನ ಚಿತ್ರದ ಮುಂದಿನ ಬಾಳು ಎಂಥದೆಂದು ಕ್ಯಾಮರಾ ಹಿಡಿದವನಿಗೆ ಆ ಹೊತ್ತಿನಲ್ಲಿ ತಿಳಿದಿರುವುದಿಲ್ಲ.

ಈಗ ಕೆಲಸದ ರೀತಿಯನ್ನೇ ಸ್ವಲ್ಪ ನೋಡಬೇಕು. ತಪ್ಪುಗಳು ಹುಟ್ಟುವುದು ಅಲ್ಲಿ. ಬ್ಯಾಚ್ ಎಡಿಟಿಂಗಿಗೆ ದುಬಾರಿ ತಂತ್ರಾಂಶ ಬೇಕೆಂಬುದು ತಪ್ಪು ತಿಳಿವಳಿಕೆ. ಡ್ಯುಪಾಂಟ್ ಕಂಪನಿಯಲ್ಲಿದ್ದ ಜಾನ್ ಕ್ರಿಸ್ಟಿ 1987ರಲ್ಲಿ ಬರೆಯಲು ತೊಡಗಿ 1990ರಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟ ಇಮೇಜ್‌ಮ್ಯಾಜಿಕ್ ಇಂದಿಗೂ ಬಳಕೆಯಲ್ಲಿದೆ. ಒಂದೇ ಸಾಲಿನ ಆಜ್ಞೆಯಿಂದ ಒಂದಿಡೀ ಫೋಲ್ಡರಿನ ಚಿತ್ರಗಳನ್ನು ಅದು ಬದಲಿಸಬಲ್ಲದು. ಆಜ್ಞೆ ಬರೆಯಲು ಹಿಂಜರಿಯುವವರಿಗೆ ಎಕ್ಸ್‌ಎನ್‌ಕನ್ವರ್ಟ್, ಇರ್ಫಾನ್‌ವ್ಯೂ, ಡಿಜಿಕ್ಯಾಮ್‌ಗಳಿವೆ. ವೃತ್ತಿಪರರು ಲೈಟ್‌ರೂಮಿನಲ್ಲಿ ಚಿತ್ರಗಳನ್ನು ಹೊರತೆಗೆಯುವಾಗಲೇ ಗುರುತನ್ನೂ ಸೇರಿಸಿಬಿಡುತ್ತಾರೆ. ಎಲ್ಲದರಲ್ಲೂ ಕ್ರಮ ಒಂದೇ: ಚಿತ್ರಗಳ ಫೋಲ್ಡರನ್ನು ತೋರಿಸುವುದು, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ರೂಪದ ಲಾಂಛನವನ್ನು ತೋರಿಸುವುದು, ಅದು ಯಾವ ಮೂಲೆಯಲ್ಲಿ, ಎಷ್ಟು ದೊಡ್ಡದಾಗಿ, ಎಷ್ಟು ಮಸುಕಾಗಿ ಬರಬೇಕೆಂದು ಹೇಳುವುದು, ಸಿದ್ಧವಾದ ಪ್ರತಿಗಳು ಎಲ್ಲಿಗೆ ಹೋಗಬೇಕೆಂದು ಹೇಳುವುದು.

ಎಡವುವುದು ಕೊನೆಯ ಎರಡರಲ್ಲಿ. ಲಾಂಛನದ ಅಳತೆಯನ್ನು ಪಿಕ್ಸೆಲ್‌ಗಳಲ್ಲಿ ಹೇಳಿದರೆ ಕ್ಯಾಮರಾದ ದೊಡ್ಡ ಚಿತ್ರದಲ್ಲಿ ಅದು ಸಾಸಿವೆಯಷ್ಟಾಗುತ್ತದೆ; ಫೋನಿನಿಂದ ಬಂದ ಸಣ್ಣ ಚಿತ್ರದಲ್ಲಿ ಅರ್ಧ ಚಿತ್ರವನ್ನೇ ನುಂಗುತ್ತದೆ. ಚಿತ್ರದ ಅಗಲದ ಇಂತಿಷ್ಟು ಭಾಗ ಎಂದು ಹೇಳಬೇಕು. ಅಡ್ಡ ಚಿತ್ರಕ್ಕೂ ಉದ್ದ ಚಿತ್ರಕ್ಕೂ ನಿಯಮ ಬೇರೆಯಾಗಿರಬೇಕು. ಕ್ಯಾಮರಾವನ್ನು ತಿರುಗಿಸಿ ಹಿಡಿದಾಗ ಚಿತ್ರದೊಳಗೆ ದಿಕ್ಕಿನ ಸೂಚನೆ ಅಡಗಿರುತ್ತದೆ. ಅದರಂತೆ ಚಿತ್ರವನ್ನು ಮೊದಲು ನೇರಮಾಡದಿದ್ದರೆ ಲಾಂಛನ ಪಕ್ಕಕ್ಕೆ ಮಲಗಿರುತ್ತದೆ. ಬಿಳಿಯ ಲಾಂಛನ ಬಿಳಿಯ ಪಂಚೆಯ ಮೇಲೆ ಕಾಣದು. ಕಪ್ಪು ಲಾಂಛನ ವೇದಿಕೆಯ ಕತ್ತಲೆಯಲ್ಲಿ ಕಾಣದು.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ತಿದ್ದಲಾಗದ ತಪ್ಪು ಒಂದಿದೆ: ಮೂಲ ಚಿತ್ರದ ಮೇಲೆಯೇ ಬರೆದುಬಿಡುವುದು. ಇಮೇಜ್‌ಮ್ಯಾಜಿಕ್‌ನ ಮಾಗ್ರಿಫೈ ಎಂಬ ಆಜ್ಞೆ ಬೇರೆ ಜಾಗವನ್ನು ತೋರಿಸದಿದ್ದರೆ ಮೂಲವನ್ನೇ ಬದಲಿಸುತ್ತದೆ. ಒಮ್ಮೆ ಹಾಗಾದರೆ ಎಂಟುನೂರು ಚಿತ್ರಗಳ ನಿಜವಾದ ರೂಪ ಮತ್ತೆ ಸಿಗುವುದಿಲ್ಲ. ಲಾಂಛನದ ಅಡಿಯಲ್ಲಿದ್ದ ಮಗುವಿನ ಗೆಜ್ಜೆ, ಪರದೆಯ ಅಂಚು, ಮೂಲೆಯಲ್ಲಿ ಕುಳಿತ ಹಿರಿಯರ ಮುಖ ಎಲ್ಲವೂ ಹೋದಂತೆಯೇ. ಜೊತೆಗೆ ಜೆಪೆಗ್ ಚಿತ್ರವನ್ನು ಮತ್ತೆ ಮತ್ತೆ ಉಳಿಸಿದಾಗ ಪ್ರತಿ ಸಲವೂ ಅದರ ಸೂಕ್ಷ್ಮ ವಿವರಗಳು ಸ್ವಲ್ಪ ಸವೆಯುತ್ತವೆ.

ಬೇರೆಡೆಗಿಂತ ಕೊಲ್ಲಿಯಲ್ಲಿ ಈ ನಷ್ಟ ದೊಡ್ಡದು. ಇಲ್ಲಿನ ಬಾಳು ವೀಸಾದ ಅವಧಿಯ ಬಾಳು. ಕಾರ್ಯದರ್ಶಿಯಾದವರು ಕೆಲಸ ಬದಲಾದೊಡನೆ ಊರಿಗೋ ಕೆನಡಾಕ್ಕೋ ಹೊರಡುತ್ತಾರೆ. ಹೆಚ್ಚಿನ ಸಂಘಗಳಿಗೆ ಸ್ವಂತ ಕಟ್ಟಡವಿಲ್ಲ, ದಾಖಲೆ ಇಡುವ ಕೋಣೆಯಿಲ್ಲ. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡುಗಳಿಂದ ಬಂದು ಮೂರು ನಾಲ್ಕು ದಶಕ ಇಲ್ಲಿ ದುಡಿದವರು ಹಿಂತಿರುಗುವಾಗ ಈ ನೆಲದಲ್ಲಿ ಅವರು ಬಾಳಿದ್ದಕ್ಕೆ ಉಳಿಯುವ ಗುರುತು ಬಹಳ ಕಡಿಮೆ. ಉಳಿಯುವುದು ಚಿತ್ರಗಳು. 2020ರ ಮೇ ತಿಂಗಳಲ್ಲಿ ದುಬೈಯಿಂದ ಮಂಗಳೂರಿಗೆ ವಂದೇ ಭಾರತ್ ವಿಮಾನ ಹೊರಟ ದಿನಗಳ ಚಿತ್ರಗಳ ಮೂಲಪ್ರತಿ ಇಂದು ಯಾರ ಬಳಿ ಇದೆಯೆಂದು ಪ್ರತಿ ಸಂಘವೂ ಒಮ್ಮೆ ಕೇಳಿಕೊಳ್ಳಲಿ. ಫೋನಿನಿಂದ ಫೋನಿಗೆ ಹಾರಿ ಕುಗ್ಗಿದ, ಮೂರು ಲಾಂಛನ ಹೊತ್ತ ಪ್ರತಿಯಷ್ಟೇ ಸಿಕ್ಕರೆ, ಮುಂದೆ ಈ ವಲಸೆಯ ಚರಿತ್ರೆ ಬರೆಯುವವರಿಗೆ ಕಾಣುವುದು ಮುಖಗಳಿಗಿಂತ ಹೆಚ್ಚಾಗಿ ಮುದ್ರೆಗಳು. ಆ ಹೊತ್ತಿಗೆ ಆ ಮುದ್ರೆಯ ಅಂಗಡಿ ಮುಚ್ಚಿಹೋಗಿದ್ದರೂ ಆಶ್ಚರ್ಯವಿಲ್ಲ.

ಲಾಂಛನ ಹಾಕುವುದು ಕಳ್ಳತನದಿಂದ ಕಾಪಾಡಲು ಎಂಬ ವಾದವಿದೆ. ಅದರಲ್ಲಿ ಅರ್ಧ ಸತ್ಯವಿದೆ. ಸುಮ್ಮನೆ ಎತ್ತಿಕೊಳ್ಳುವವರನ್ನು ಗುರುತು ತಡೆಯುತ್ತದೆ. ಆದರೆ 2017ರಲ್ಲಿ ಗೂಗಲ್‌ನ ಸಂಶೋಧಕರು ಒಂದು ವಿಚಿತ್ರ ದೌರ್ಬಲ್ಯವನ್ನು ತೋರಿಸಿಕೊಟ್ಟರು. ಒಂದೇ ಮುದ್ರೆಯನ್ನು ಒಂದೇ ರೀತಿಯಲ್ಲಿ ಅನೇಕ ಚಿತ್ರಗಳ ಮೇಲೆ ಒತ್ತಿದ್ದರೆ, ಆ ಚಿತ್ರಗಳನ್ನೆಲ್ಲ ಒಟ್ಟಿಗೆ ಹೋಲಿಸಿ ನೋಡುವ ಗಣಕಯಂತ್ರವು ಮುದ್ರೆ ಯಾವುದು, ಅದರ ಹಿಂದಿನ ಚಿತ್ರ ಯಾವುದು ಎಂದು ಬೇರ್ಪಡಿಸಿ, ಮುದ್ರೆಯನ್ನು ತಾನಾಗಿಯೇ ಅಳಿಸಬಲ್ಲದು. ಸಾವಿರ ಚಿತ್ರಗಳಲ್ಲಿ ಬದಲಾಗದೆ ನಿಲ್ಲುವುದು ಮುದ್ರೆಯೊಂದೇ ಆದ್ದರಿಂದ ಅದು ಸುಲಭವಾಗಿ ಸಿಕ್ಕಿಬೀಳುತ್ತದೆ. ಹಾಕುವ ಕೆಲಸವನ್ನು ಸುಲಭಗೊಳಿಸಿದ ಏಕರೂಪತೆಯೇ ತೆಗೆಯುವ ಕೆಲಸವನ್ನೂ ಸುಲಭಗೊಳಿಸುತ್ತದೆ. ಅದಾದ ಮೇಲೆ ಚಿತ್ರ ರಚಿಸುವ ಕೃತಕ ಬುದ್ಧಿಮತ್ತೆ ಬಂತು. ಗೆಟ್ಟಿ ಇಮೇಜಸ್ ಸಂಸ್ಥೆ 2023ರಲ್ಲಿ ಸ್ಟೆಬಿಲಿಟಿ ಎಐ ವಿರುದ್ಧ ನ್ಯಾಯಾಲಯಕ್ಕೆ ಹೋದಾಗ, ಯಂತ್ರ ಹುಟ್ಟಿಸಿದ ಕೆಲವು ಚಿತ್ರಗಳಲ್ಲಿ ತನ್ನ ವಾಟರ್‌ಮಾರ್ಕಿನ ವಿರೂಪಗೊಂಡ ನೆರಳು ಮೂಡಿದ್ದನ್ನು ಎತ್ತಿ ತೋರಿಸಿತು.

ಹಾಗಾದರೆ ಹೆಸರನ್ನು ಕಾಪಾಡುವ ಬಗೆ ಯಾವುದು? ಪ್ರತಿ ಡಿಜಿಟಲ್ ಚಿತ್ರದೊಳಗೂ ಕಣ್ಣಿಗೆ ಕಾಣದ ಬರಹಕ್ಕೆ ಜಾಗವಿದೆ. ಪತ್ರಿಕಾ ಜಗತ್ತು ರೂಪಿಸಿದ ಐಪಿಟಿಸಿ ಮಾನದಂಡದ ಪ್ರಕಾರ ಅಲ್ಲಿ ತೆಗೆದವರ ಹೆಸರು, ಹಕ್ಕಿನ ಒಡೆಯರು, ದಿನ, ಸ್ಥಳ, ವಿವರಣೆ ಎಲ್ಲವನ್ನೂ ಬರೆಯಬಹುದು. ಇದನ್ನೂ ಸಾವಿರ ಚಿತ್ರಗಳಿಗೆ ಒಮ್ಮೆಲೇ ಬರೆಯಬಹುದು. ಪೀಠದ ಮೇಲಿನ ಮಲ್ಲಿತಮ್ಮನ ಅಕ್ಷರಗಳಂತೆ ಅದು ಚಿತ್ರಕ್ಕೆ ಅಡ್ಡಬರುವುದಿಲ್ಲ, ಹುಡುಕಿದವರಿಗೆ ಸಿಗುತ್ತದೆ. ಅದಕ್ಕೂ ಮಿತಿಯಿದೆ: ಸಂದೇಶದ ಆ್ಯಪ್‌ಗಳು ಚಿತ್ರವನ್ನು ಕುಗ್ಗಿಸುವಾಗ ಈ ಬರಹವನ್ನು ಬಹುಪಾಲು ಕಿತ್ತುಹಾಕುತ್ತವೆ. ಆದ್ದರಿಂದ ಹಂಚುವ ಪ್ರತಿಯಲ್ಲಿ ಸಣ್ಣ ಕಣ್ಗುರುತು, ಸಂಗ್ರಹದ ಪ್ರತಿಯಲ್ಲಿ ಒಳಬರಹ, ಎರಡೂ ಬೇಕು.

ಯಾರ ಹೆಸರು ಎಂಬ ಪ್ರಶ್ನೆಗೆ ಕಾನೂನು ಸ್ಪಷ್ಟ ಉತ್ತರ ಕೊಡುತ್ತದೆ. 2022ರ ಜನವರಿಯಲ್ಲಿ ಜಾರಿಗೆ ಬಂದ ಸಂಸ್ಥಾನದ ಕೃತಿಸ್ವಾಮ್ಯ ಕಾನೂನು, ಅಂದರೆ 2021ರ 38ನೆಯ ಸಂಖ್ಯೆಯ ಫೆಡರಲ್ ಕಾನೂನು, ಛಾಯಾಚಿತ್ರವನ್ನೂ ಕೃತಿಯೆಂದು ರಕ್ಷಿಸುತ್ತದೆ. ಕೃತಿ ತನ್ನದೆಂದು ಹೇಳಿಕೊಳ್ಳುವ ಕರ್ತೃವಿನ ನೈತಿಕ ಹಕ್ಕನ್ನು ಮಾರಲಾಗದ ಹಕ್ಕೆಂದು ಪರಿಗಣಿಸುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 57ನೆಯ ಸೆಕ್ಷನ್ನಿನ ಆಶಯವೂ ಅದೇ. ಹಣ ಕೊಟ್ಟು ತೆಗೆಸಿದ ಚಿತ್ರದ ಆರ್ಥಿಕ ಹಕ್ಕು ಭಾರತದಲ್ಲಿ ಬೇರೆ ಒಪ್ಪಂದವಿಲ್ಲದಿದ್ದರೆ ತೆಗೆಸಿದವರಿಗೆ ಹೋಗಬಹುದು. ತೆಗೆದವನು ತಾನೆಂದು ಹೇಳಿಕೊಳ್ಳುವ ಹಕ್ಕು ಆಗಲೂ ಅವನಲ್ಲೇ ಉಳಿಯುತ್ತದೆ. ಹೀಗಿರುವಾಗ ಒಂದು ಬಿಡಿಗಾಸನ್ನೂ ಪಡೆಯದೆ ಸಂಜೆಯಿಡೀ ದುಡಿದ ಸದಸ್ಯನ ಚಿತ್ರದ ಮೇಲೆ ನಾಲ್ಕು ಕಂಪನಿಗಳ ಲಾಂಛನವಿದ್ದು ಅವನ ಹೆಸರೊಂದೇ ಇಲ್ಲದಿರುವುದನ್ನು ಏನೆನ್ನಬೇಕು? ಊಟಕ್ಕೆ ಹಣ ಕೊಟ್ಟವರ ಹೆಸರನ್ನು ಬಾಳೆಲೆಯ ಮೇಲೆ ಬರೆದು, ಅಡುಗೆಯವರನ್ನು ಮರೆತಂತಾಯಿತು. ಪ್ರಾಯೋಜಕರ ನೆರವಿಲ್ಲದೆ ಸಭಾಂಗಣದ ಬಾಡಿಗೆ ಕಟ್ಟಲಾಗದು ಎಂಬುದು ನಿಜ. ಅವರ ಹೆಸರಿಗೆ ವೇದಿಕೆಯ ಪರದೆಯಿದೆ, ಆಮಂತ್ರಣ ಪತ್ರಿಕೆಯಿದೆ, ಧನ್ಯವಾದದ ಮಾತಿದೆ. ಎಂಟುನೂರು ಚಿತ್ರಗಳ ಪ್ರತಿಯೊಂದು ಮೂಲೆಯನ್ನೂ ಅವರೇನೂ ಕೇಳಿರಲಿಕ್ಕಿಲ್ಲ. ಬಹಳ ಸಲ ಅದು ಕೇಳದೆಯೇ ಅರ್ಪಿಸುವ ವಿಧೇಯತೆ.

ಇನ್ನು ಎಲ್ಲಕ್ಕಿಂತ ಗಂಭೀರವಾದ ಮಾತು. ರಂಜಾನ್ ತಿಂಗಳಲ್ಲಿ, ಬೇಸಿಗೆಯ ಉರಿಯಲ್ಲಿ, ದುಬೈಯ ಸೋನಾಪುರ, ಅಲ್ ಕೂಜ್, ಅಬುಧಾಬಿಯ ಮುಸಫ್ಫಾಗಳ ಕಾರ್ಮಿಕ ವಸತಿಗಳಿಗೆ ಊಟ, ನೀರು, ದಿನಸಿಯ ಪೊಟ್ಟಣಗಳು ಹೋಗುತ್ತವೆ. ಒಳ್ಳೆಯ ಕೆಲಸವದು. ಮರುದಿನ ಅದರ ಚಿತ್ರಗಳು ಬರುತ್ತವೆ. ಹಗಲಿಡೀ ಬಿಸಿಲಲ್ಲಿ ದುಡಿದು ಬಂದ ಮನುಷ್ಯ ಕೈಚಾಚಿ ಪೊಟ್ಟಣ ತೆಗೆದುಕೊಳ್ಳುತ್ತಿದ್ದಾನೆ, ಕೊಡುವವರು ಕ್ಯಾಮರಾದತ್ತ ನೋಡುತ್ತಿದ್ದಾರೆ, ಬಲಮೂಲೆಯಲ್ಲಿ ಲಾಂಛನ. ಬ್ಯಾಚ್ ನಿಯಮಕ್ಕೆ ಬಲಮೂಲೆಯಲ್ಲಿ ಯಾರಿದ್ದಾರೆಂದು ಗೊತ್ತಿಲ್ಲ. ಸಾಲಿನ ಕೊನೆಯಲ್ಲಿ ನಿಂತವನ ಮುಖವಿದ್ದರೆ ಮುದ್ರೆ ಅದರ ಮೇಲೆಯೇ ಬೀಳುತ್ತದೆ. ಪ್ರತಿ ಚಿತ್ರದಲ್ಲೂ ಕೊಟ್ಟವರ ಹೆಸರಿದೆ, ಪಡೆದವನ ಹೆಸರು ಒಂದರಲ್ಲೂ ಇಲ್ಲ.

ಆ ಚಿತ್ರ ಹಂಚಬಹುದೇ ಎಂದು ಅವನನ್ನು ಕೇಳಿದವರುಂಟೇ? ಊರಿನಲ್ಲಿ ಅವನ ಹೆಂಡತಿ, ಬೆಳೆದ ಮಗಳು, ಮದುವೆಗೆ ಮಾತು ಆಡುತ್ತಿರುವ ಬೀಗರು ಇದ್ದಾರೆ. ದುಬೈಯಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆಂದು ಅವರೆಲ್ಲ ನಂಬಿದ್ದಾರೆ. ಅವನು ಪೊಟ್ಟಣಕ್ಕೆ ಕೈಚಾಚಿದ ಚಿತ್ರ ಫೋನಿನಿಂದ ಫೋನಿಗೆ ಹಾರಿ ಆ ಮನೆಯನ್ನು ತಲುಪಲು ಎಷ್ಟು ಹೊತ್ತು ಬೇಕು? 2021ರ 34ನೆಯ ಸಂಖ್ಯೆಯ ಸೈಬರ್ ಅಪರಾಧ ಕಾನೂನು ಅನುಮತಿಯಿಲ್ಲದೆ ಇನ್ನೊಬ್ಬರ ಖಾಸಗಿತನಕ್ಕೆ ಧಕ್ಕೆಯಾಗುವಂತೆ ಚಿತ್ರ ತೆಗೆಯುವುದನ್ನೂ ಹಂಚುವುದನ್ನೂ ಅಪರಾಧವೆನ್ನುತ್ತದೆ. ಕನಿಷ್ಠ ಆರು ತಿಂಗಳ ಸೆರೆವಾಸ, 1,50,000ದಿಂದ 5,00,000 ದಿರ್ಹಮ್‌ವರೆಗಿನ ದಂಡ, ಅಥವಾ ಇವುಗಳಲ್ಲಿ ಒಂದನ್ನು ವಿಧಿಸಲು ಅದರಲ್ಲಿ ಅವಕಾಶವಿದೆ. ಆದರೆ ದಂಡದ ಭಯದಿಂದ ಮಾತ್ರ ಮರ್ಯಾದೆ ಹುಟ್ಟಬೇಕಾಗಿಲ್ಲ. ಹಸಿದವನಿಗೆ ಅನ್ನ ಕೊಟ್ಟು ಅವನ ಮುಖವನ್ನು ಬೆಲೆಯಾಗಿ ಪಡೆಯಬಾರದು ಎಂಬಷ್ಟು ವಿವೇಕ ಕನ್ನಡದ ಮನೆಗಳಲ್ಲಿ ಮೊದಲಿನಿಂದಲೂ ಇದೆ.

ಇದಕ್ಕೆ ಪರಿಹಾರ ಕಷ್ಟವಲ್ಲ, ವೆಚ್ಚವೂ ಇಲ್ಲ. ಸಂಘಗಳು ಕಾರ್ಯಕಾರಿ ಸಮಿತಿಯಲ್ಲಿ ಒಮ್ಮೆ ಕುಳಿತು ಕೆಲವು ತೀರ್ಮಾನ ಮಾಡಿದರೆ ಸಾಕು. ಮೂಲ ಚಿತ್ರಗಳು ಯಾವ ಗುರುತೂ ಇಲ್ಲದೆ, ಎರಡು ಬೇರೆ ಬೇರೆ ಜಾಗಗಳಲ್ಲಿ, ವ್ಯಕ್ತಿಯ ಬಳಿಯಲ್ಲದೆ ಸಂಘದ ಹೆಸರಿನ ಸಂಗ್ರಹದಲ್ಲಿ ಇರಲಿ. ಲಾಂಛನ ಬೀಳುವುದು ಪ್ರತ್ಯೇಕ ಫೋಲ್ಡರಿನ ಪ್ರತಿಗಳ ಮೇಲೆ ಮಾತ್ರ. ಒಳಬರಹದಲ್ಲಿ ಛಾಯಾಗ್ರಾಹಕರ ಹೆಸರು, ಕಾರ್ಯಕ್ರಮ, ದಿನ, ಸ್ಥಳಗಳನ್ನು ಮೊದಲು ಬರೆದು ಆಮೇಲೆ ಲಾಂಛನಕ್ಕೆ ಕೈಹಾಕಲಿ. ಹೊರಗೆ ಕಾಣುವ ಗುರುತು ಒಂದೇ ಆಗಿರಲಿ, ಚಿಕ್ಕದಾಗಿರಲಿ, ಅದರ ಪಕ್ಕದಲ್ಲಿ ಚಿತ್ರ ತೆಗೆದವರ ಹೆಸರಿರಲಿ. ಚಿತ್ರದ ಮೇಲೆಯೇ ಒತ್ತುವ ಬದಲು ಕೆಳಗೆ ಒಂದು ಸಣ್ಣ ಪಟ್ಟಿಯನ್ನು ಸೇರಿಸಿ ಅದರಲ್ಲಿ ಗುರುತನ್ನಿಟ್ಟರೆ ಇನ್ನೂ ಉತ್ತಮ. ಯಾರ ಮುಖವೂ ಮುಚ್ಚುವುದಿಲ್ಲ, ಬ್ಯಾಚ್ ಕೆಲಸವೂ ಕೆಡುವುದಿಲ್ಲ. ಮೊದಲು ಹತ್ತು ಚಿತ್ರಗಳ ಮೇಲೆ ಪ್ರಯೋಗಿಸಿ ನೋಡಿ ಅನಂತರ ಎಂಟುನೂರಕ್ಕೆ ಹೋಗಲಿ. ನೆರವು ಹಂಚುವ ಚಿತ್ರಗಳನ್ನು ಈ ಸಾಲಿಗೇ ಸೇರಿಸದಿರಲಿ. ಅವುಗಳನ್ನು ಒಂದೊಂದಾಗಿ ನೋಡಿ, ಚಿತ್ರದಲ್ಲಿರುವವರ ಒಪ್ಪಿಗೆ ಇಲ್ಲದಿದ್ದರೆ ಪಕ್ಕಕ್ಕಿಡಲಿ. ಪೊಟ್ಟಣಗಳ ರಾಶಿಯ ಚಿತ್ರವೂ ವರದಿಗೆ ಸಾಕಾಗುತ್ತದೆ.

ಯಂತ್ರವು ಒಂದೇ ಬಾರಿ ಕೇಳುತ್ತದೆ; ಕೊಟ್ಟ ಉತ್ತರವನ್ನು ಸಾವಿರ ಸಲ ಪಾಲಿಸುತ್ತದೆ. ಕೈಯಿಂದ ಒಂದೊಂದಾಗಿ ಮಾಡುತ್ತಿದ್ದಾಗ ನಡುವೆ ಎಲ್ಲೋ ಒಂದು ಮುಖವನ್ನು ಕಂಡು ಕೈ ತಡೆಯುತ್ತಿತ್ತು, ಲಾಂಛನವನ್ನು ಈ ಕಡೆಯಿಂದ ಆ ಕಡೆಗೆ ಸರಿಸುತ್ತಿತ್ತು. ಆ ತಡೆಯುವಿಕೆ ಈಗಿನ ಕೆಲಸದಲ್ಲಿಲ್ಲ. ಅದಕ್ಕಾಗಿಯೇ ಗುಂಡಿಯನ್ನು ಒತ್ತುವ ಮೊದಲಿನ ಒಂದು ನಿಮಿಷ ಅಷ್ಟು ಮುಖ್ಯ. ಈ ಬಾರಿಯ ರಾಜ್ಯೋತ್ಸವದ ರಾತ್ರಿ ಯಾವ ಸಂಘವಾದರೂ ಆ ಒಂದು ನಿಮಿಷವನ್ನು ಕೊಟ್ಟು, ತೆಗೆದವನ ಹೆಸರನ್ನು ಬರೆದು, ಮೂಲವನ್ನು ಜೋಪಾನ ಮಾಡಿ, ಮೂಲೆಯಲ್ಲಿ ನಿಂತವರ ಮುಖವನ್ನು ಬಿಟ್ಟುಕೊಟ್ಟರೆ ಈ ಮಾತುಗಳು ಸಾರ್ಥಕ.